ಗುಂಪಿಗೆ ಸೇರದ ಗುಂಡಿ

ಮೊಬೈಲು ಕಿಸೆಗೆ ಹಾಕಿ, ಸೀಟಿನ ತುದಿಗೆ ಬನ್ನಿ. ನಾನೀಗ ಹೇಳುವ ಕತೆಯಲ್ಲಿ ಹೀರೋ ಒಬ್ಬನೇ, ವಿಲನ್ನುಗಳು ಸುತ್ತಮುತ್ತ. ಕೊನೆಗೆ ಹೀರೋ ಗೆಲ್ಲುತ್ತಾನೆ ನೋಡಿ, ಆ ಗೆಲುವಿಗೆ ನೀವು ಎದ್ದು ನಿಂತು ಶಿಳ್ಳೆ ಹೊಡೆಯದೆ ಇದ್ದರೆ ನಾನು ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ. ಪೂರ್ತಿ ಮೀಸೆಯನ್ನೇ ಪಣಕ್ಕಿಡಬಹುದಿತ್ತು, ಇನ್ನರ್ಧ ಇನ್ನೂ ಬಂದಿಲ್ಲ. ಇಂಥ ಕ್ಲೈಮ್ಯಾಕ್ಸ್ ಹೇಳುವ ಗಂಡು ಈ ಬೀದಿಯಲ್ಲಿ ಮತ್ತೊಬ್ಬನಿಲ್ಲ. ಪಕ್ಕದ ಬೀದಿಯಲ್ಲಿ ಒಬ್ಬನಿದ್ದಾನೆ ಅನ್ನುತ್ತಾರೆ. ಅವನಿಗೂ ಹೇಳಿಕೊಟ್ಟವನು ನಾನೇ.

ಹೀರೋ ಎಂದ ಕೂಡಲೇ ಬೈಕು, ಕಪ್ಪು ಕನ್ನಡಕ, ಹಿಂದೆ ಹಾರುವ ಧೂಳು ಎಂದೆಲ್ಲ ಅಂದುಕೊಳ್ಳಬೇಡಿ. ನಮ್ಮ ಹೀರೋಗೆ ಐವತ್ತು ದಾಟಿದೆ. ಬಗ್ಗಿದರೆ ಏಳುವುದು ಕಷ್ಟ, ಎದ್ದರೆ ಬಗ್ಗುವುದು ಕಷ್ಟ. ಕೆಲಸ, ಶಿಶುವಿಹಾರದಲ್ಲಿ ಪುಟಾಣಿಗಳಿಗೆ ಲೆಕ್ಕ ಹೇಳಿಕೊಡುವುದು. ಆಯುಧ, ಒಂದು ತಗಡಿನ ಡಬ್ಬಿ. ಪಂಚಿಂಗ್ ಡೈಲಾಗು ಒಂದೇ ಒಂದು: "ಯಾಕೆ?"

ಮಗು ಎರಡು ಮತ್ತು ಎರಡು ನಾಲ್ಕು ಅಂದರೆ ಬೇರೆ ಮೇಷ್ಟ್ರುಗಳು ಬೆನ್ನು ತಟ್ಟುತ್ತಾರೆ. ನಮ್ಮವರು ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂತು, ತಲೆ ಓರೆ ಮಾಡಿ, "ಯಾಕೆ? ಹೇಗೆ ಗೊತ್ತು?" ಅನ್ನುತ್ತಾರೆ. ಹಾಗಾಗಿ ಮಕ್ಕಳಿಟ್ಟ ಹೆಸರು 'ಯಾಕೆ ಸರ್'. ಉಳಿದವರಿಗೆ ಲೆಕ್ಕದ ಮೇಷ್ಟ್ರು.

ಇಂಥ ಮೇಷ್ಟ್ರ ಬದುಕನ್ನು ಬುಡಮೇಲು ಮಾಡಿದ್ದು ಒಂದು ಗುಂಡಿ.

ಬೆಳಗ್ಗೆ ಇಸ್ತ್ರಿ ಮಾಡಿಟ್ಟಿದ್ದ ಒಂದೇ ಒಂದು ಬಿಳಿ ಶರ್ಟನ್ನು ತೊಟ್ಟುಕೊಳ್ಳುವಾಗ ಎದೆಯ ಮೇಲಿನ ಗುಂಡಿ ಟಪ್ ಎಂದು ಕಳಚಿಕೊಂಡಿತು. ನೆಲಕ್ಕೆ ಬಿತ್ತು, ಪುಟಿಯಿತು, ಓಡಿತು, ಬಚ್ಚಲಿನ ತೂತಿನ ಹತ್ತಿರ ಒಂದು ಕ್ಷಣ ನಿಂತು ಮೇಷ್ಟ್ರನ್ನು ಕಡೇ ಸಲ ನೋಡಿತು, ಧುಮುಕಿತು. ಸ್ಲೋ ಮೋಷನ್ನಿನಲ್ಲಿ ತೋರಿಸಬೇಕಾದ ಸೀನು ಅದು.

ಗುಂಡಿ ಹೊಲಿಯುತ್ತಿದ್ದ ಹೆಂಡತಿ ಕಳೆದ ವರ್ಷ ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ಮೇಷ್ಟ್ರು ತರಗತಿಯ ಡಬ್ಬಿ ತೆರೆದು, ತೂತು ಕಣ್ಣಿಗೆ ಕಾಣಿಸುವಷ್ಟು ದೊಡ್ಡ ಗುಂಡಿ ಯಾವುದೆಂದು ಹುಡುಕಿದರು. ಸಿಕ್ಕಿದ್ದು ಯಾವುದೋ ಹೆಂಗಸಿನ ಕೋಟಿನದು, ಕೆಂಪಗೆ, ಬಿಸ್ಕತ್ತಿನಷ್ಟಿತ್ತು. ದಾರ ಸೂಜಿಯ ಕಣ್ಣಿನ ಪಕ್ಕದಲ್ಲೇ, ಜಗಳವಾಡಿದ ನೆಂಟನ ಹಾಗೆ ಮುಖ ತಿರುಗಿಸಿಕೊಂಡು ಹೋಗುತ್ತಿತ್ತು. ಅಂತೂ ಹೊಲಿದು ಮುಗಿಸಿದಾಗ ಶರ್ಟಿನ ಜೊತೆ ಬನಿಯನ್ನೂ ಸೇರಿಕೊಂಡಿತ್ತು.

ಮೆಟ್ಟಿಲಿಳಿಯುವಾಗ ಓನರಮ್ಮ ಅಡ್ಡ ಸಿಕ್ಕರು. ಈ ಓನರಮ್ಮನ ಕಣ್ಣು ತಪ್ಪಿಸಿ ಆ ಮನೆಯಿಂದ ಸೊಳ್ಳೆಯೂ ಆಚೆ ಹೋಗುವಂತಿರಲಿಲ್ಲ.

"ಮೇಷ್ಟ್ರೇ, ನಿಲ್ಲಿ ನಿಲ್ಲಿ! ಇದೇನ್ರೀ ಎದೆ ಮೇಲೆ ಸಿಗ್ನಲ್ ಲೈಟು?"

"ಗುಂಡಿ, ಅಮ್ಮ."

"ಗುಂಡಿ ಅಂತ ನಂಗೂ ಕಾಣುತ್ತೆ. ಕೆಂಪಗೆ ಯಾಕಿದೆ?"

ಯಾಕೆ ಎಂಬ ಮಾತು ಕಿವಿಗೆ ಬಿದ್ದಿದ್ದೇ ಮೇಷ್ಟ್ರ ಮುಖ ಅರಳಿತು. "ಒಳ್ಳೇ ಪ್ರಶ್ನೆ ಕೇಳಿದ್ರಿ. ಈಗ ನೋಡಿ, ಗುಂಡಿಯ ಕೆಲಸ ಏನು? ಎರಡು ಕಡೆ ಬಟ್ಟೆ ಹಿಡ್ಕೊಳ್ಳೋದು. ಬಣ್ಣಕ್ಕೂ ಆ ಕೆಲಸಕ್ಕೂ..."

"ಅಯ್ಯೋ, ಬೆಳಗ್ಗೆ ಬೆಳಗ್ಗೆ ನಂಗೆ ಪಾಠ ಮಾಡ್ಬೇಡಿ ಮಾರಾಯ್ರೇ. ತಗೊಳ್ಳಿ ಈ ಪಿನ್ನು. ಕಿತ್ತಾಕಿ ಇದನ್ನ ಚುಚ್ಕೊಳ್ಳಿ." ಓನರಮ್ಮ ಪಿನ್ನನ್ನು ಕಿಸೆಗೆ ತುರುಕಿ, ನಿಟ್ಟುಸಿರು ಬಿಟ್ಟರು. "ಆಕೆ ಇದ್ದಿದ್ರೆ ಹೀಗೆ ಹೊರಗೆ ಕಳಿಸ್ತಿದ್ರಾ?"

ಪಿನ್ನು ಕಿಸೆಯಲ್ಲೇ ಇತ್ತು. ಆದರೂ ಮೇಷ್ಟ್ರಿಗೆ ಎಲ್ಲೋ ಚುಚ್ಚಿತು. ಡಬ್ಬಿ ಕಂಕುಳಲ್ಲಿ ಇರುಕಿಕೊಂಡು ಬೇಗ ಬೇಗ ನಡೆದರು.

ಶಿಶುವಿಹಾರ ಇದ್ದದ್ದು ಒಂದು ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗಿನ ಹೊಲಿಗೆ ಮಿಷನ್ನಿನ ಗಡಗಡ ಮೇಲಿನ ನೆಲಕ್ಕೂ ಬರುತ್ತಿತ್ತು. ಮಧ್ಯಾಹ್ನ ಮಲಗಿದ ಮಕ್ಕಳಿಗೆ ಅದೇ ಜೋಗುಳ. ಗೋಡೆಗೆ ಸೊಂಟದೆತ್ತರದಲ್ಲಿ ಚೀಲ ನೇತುಹಾಕುವ ಕೊಕ್ಕೆಗಳು, ನೆಲಕ್ಕೆ ನೀಲಿ ಚಾಪೆ.

ಆ ಚಾಪೆಯ ಮೇಲೆ ಮೇಷ್ಟ್ರ ಆಟ ನಡೆಯುತ್ತಿತ್ತು. ಡಬ್ಬಿಯಿಂದ ನಾಲ್ಕು ಸಾಮಾನು ತೆಗೆದು ಸಾಲಾಗಿ ಇಡುತ್ತಾರೆ. ಒಂದು ಚಮಚ, ಒಂದು ಬೀಗದ ಕೈ, ಒಂದು ಗುಂಡಿ, ಒಂದು ಪೆನ್ಸಿಲ್ಲು. "ಇದ್ರಲ್ಲಿ ಗುಂಪಿಗೆ ಸೇರದೇ ಇರೋದು ಯಾವುದು?" ಮಕ್ಕಳು ತಲೆ ಮೇಲೆ ಕೈ ಇಟ್ಟುಕೊಂಡು ಯೋಚಿಸಬೇಕು. ಕಾರಣ ಸಿಕ್ಕವರು ಕೈ ಎತ್ತಬೇಕು. ಒಬ್ಬ, "ಪೆನ್ಸಿಲ್ಲು ಸರ್. ಅದೊಂದೇ ದಿನಾ ಗಿಡ್ಡ ಆಗೋದು" ಅನ್ನುತ್ತಾನೆ. ಇನ್ನೊಬ್ಬಳು, "ಗುಂಡಿ ಸರ್. ಅದಕ್ಕೆ ನಾಕು ಕಣ್ಣು" ಅನ್ನುತ್ತಾಳೆ. ಮತ್ತೊಬ್ಬ, "ಬೀಗದ ಕೈ ಸರ್. ಅದು ಕಳೆದ್ರೆ ಮಾತ್ರ ಅಪ್ಪ ಅಮ್ಮನ್ನ ಬೈಯೋದು" ಅನ್ನುತ್ತಾನೆ. ಎಲ್ಲವೂ ಸರಿ. ಮೇಷ್ಟ್ರ ಲೆಕ್ಕದಲ್ಲಿ ಉತ್ತರ ತಪ್ಪಾಗುವುದಿಲ್ಲ. ಕಾರಣ ಇಲ್ಲದ ಉತ್ತರ ಮಾತ್ರ ತಪ್ಪು. ಮೇಷ್ಟ್ರು ಕಣ್ಸನ್ನೆಯಲ್ಲೂ ಉತ್ತರ ತೋರಿಸಿಕೊಡುವುದಿಲ್ಲ. ಅದು ಆ ಚಾಪೆಯ ಕಾನೂನು.

ಅವತ್ತು ಗೇಟಿನಲ್ಲೇ ಒಬ್ಬ ಅಪ್ಪ ಕಾದು ನಿಂತಿದ್ದ. ಪಕ್ಕದಲ್ಲಿ ಅವನ ಮಗಳು, ಎರಡು ಜಡೆಯ ಪುಟ್ಟಿ. ಅಪ್ಪನ ಕೈಯಲ್ಲಿ ತುಕ್ಕು ಹಿಡಿದ ಬಾಗಿಲ ಚಿಲಕ.

"ಮೇಷ್ಟ್ರೇ, ಇದು ನಿಮ್ಮದಾ?"

"ಹೌದು, ಡಬ್ಬಿಯದ್ದು. ನಿನ್ನೆ ಗುಂಪಿಗೆ ಸೇರದ್ದು ಇದೇ ಅಂತ ಪುಟ್ಟಿ ಕಾರಣ ಕೊಟ್ಲು. ಒಂದು ರಾತ್ರಿ ಮನೆಗೆ ಕರ್ಕೊಂಡು ಹೋಗು ಅಂತ ನಾನೇ ಅಂದಿದ್ದೆ."

"ಕಾರಣ ಕೊಡ್ಲಿ ಸ್ವಾಮಿ, ಬೇಡ ಅಂದೋರ್ಯಾರು? ಇದನ್ನ ತಂದು ಹಾಸಿಗೆಲಿ ಮಲಗಿಸ್ಕೊಂಡಿದ್ಲು. ಹೊದಿಕೆ ಬೇರೆ ಹೊದಿಸಿದ್ಲು. ನಾನು ಮಗ್ಗುಲು ತಿರುಗಿದೆ ನೋಡಿ..." ಅಪ್ಪ ಬೆನ್ನು ಸವರಿಕೊಂಡ. "ಇದೆಲ್ಲ ಎಂಥ ಲೆಕ್ಕ?"

"ಅದು ಒಂದೇ ಬೇರೆ ಆಗೋಯ್ತಲ್ಲಪ್ಪ, ಡಬ್ಬಿಗೆ ಹಾಕಿದ್ರೆ ಅಳುತ್ತೆ" ಎಂದಳು ಪುಟ್ಟಿ. "ವಾಪಸ್ ತಂದಿದ್ದೀನಿ ಸರ್. ಕಳ್ದಿಲ್ಲ."

ಮೇಷ್ಟ್ರು ಚಿಲಕವನ್ನು ಡಬ್ಬಿಗೆ ಹಾಕಿ, ಮಾನ ಮುಚ್ಚಿಕೊಂಡು ಮೆಟ್ಟಿಲು ಹತ್ತಿದರು. ಪುಟ್ಟಿಯ ಕಣ್ಣು ಅಷ್ಟರಲ್ಲೇ ಕೆಂಪು ಗುಂಡಿಯ ಮೇಲೆ ಬಿದ್ದಿತ್ತು.

ಟೀಚರ್ ಕೋಣೆಯಲ್ಲಿ ಬಾಂಬು ಬಿದ್ದ ಹಾಗಿತ್ತು. ಹಾಡಿನ ಟೀಚರ್ ಹಾರ್ಮೋನಿಯಂ ಒರೆಸುತ್ತಿದ್ದರು. ಚಿತ್ರದ ಟೀಚರ್ ಗೋಡೆಯ ಮೇಲಿಂದ ಮಕ್ಕಳ ಚಿತ್ರ ಕಿತ್ತು ತಾವೇ ಬರೆದದ್ದನ್ನು ಅಂಟಿಸುತ್ತಿದ್ದರು. ಆಟದ ಮೇಷ್ಟ್ರು ಯಾರೂ ಕೇಳದೆ ಇದ್ದರೂ ದಂಡ ಹೊಡೆಯುತ್ತಿದ್ದರು.

ಹೆಡ್ ಮೇಡಂ ಬಾಗಿಲು ಹಾಕಿ ಹೇಳಿದರು: "ಸೆಕ್ರೆಟರಿ ಇವತ್ತು ಬರ್ತಿದ್ದಾರೆ. ಮಕ್ಕಳ ಸಂಖ್ಯೆ ಕಮ್ಮಿ ಆಯ್ತಂತೆ. ಇಷ್ಟಕ್ಕೆ ನಾಕು ಜನ ಟೀಚರ್ಸ್ ಜಾಸ್ತಿ ಆಯ್ತಂತೆ. ಒಬ್ರನ್ನ ತೆಗೀತಾರೆ. ಯಾರು ಅಂತ ಇವತ್ತೇ ತೀರ್ಮಾನ."

ಆಟದ ಮೇಷ್ಟ್ರು ದಂಡದಲ್ಲಿ ಕೆಳಗೆ ಹೋದವರು ಮೇಲೆ ಬರಲಿಲ್ಲ.

ಲೆಕ್ಕದ ಮೇಷ್ಟ್ರು ಡಬ್ಬಿಯನ್ನು ಕಂಕುಳಲ್ಲಿ ಒತ್ತಿ ಹಿಡಿದರು. ಕೆಲಸ ಹೋದರೆ ಊಟಕ್ಕೆ ಹೇಗೆ ಎಂಬ ಚಿಂತೆ ಅಲ್ಲ, ಒಂದು ಹೊಟ್ಟೆಗೆ ಏನಾದರೂ ಆಗುತ್ತದೆ. ಆದರೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುವುದು? ಹೆಂಡತಿ ಹೋದ ಮೇಲೆ ಆ ಕೋಣೆಯಲ್ಲಿ ಮಾತಾಡುತ್ತಿದ್ದದ್ದು ಗಡಿಯಾರ ಮಾತ್ರ, ಅದೂ ಆಗಾಗ ನಿಲ್ಲುತ್ತಿತ್ತು. ಇಡೀ ಊರಿನಲ್ಲಿ ಮೇಷ್ಟ್ರಿಗಾಗಿ ಕಾಯುವ ಜಾಗ ಎಂದರೆ ಈ ನೀಲಿ ಚಾಪೆ ಒಂದೇ.

"ಲೆಕ್ಕದ ಮೇಷ್ಟ್ರೇ, ನಿಮ್ಮ ಬಗ್ಗೆನೇ ನಂಗೆ ಚಿಂತೆ" ಎಂದರು ಹೆಡ್ ಮೇಡಂ. "ಆ ಚಮಚ, ಚಿಲಕ ಎಲ್ಲ ಒಳಗಿಡಿ. ಮಗ್ಗಿ ಹೇಳಿಸಿ. ಹದಿನಾರರ ಮಗ್ಗಿ. ಗಡಗಡ ಅಂತ."

"ಅವಕ್ಕಿನ್ನೂ ಐದು ವರ್ಷ ಮೇಡಂ."

"ಅದಕ್ಕೇ ಚೆನ್ನಾಗಿರೋದು!"

ಮೇಷ್ಟ್ರು ಪ್ರಯತ್ನಪಟ್ಟರು, ಸುಳ್ಳು ಹೇಳಬಾರದು. ಚಾಪೆಯ ಮೇಲೆ ಮಕ್ಕಳನ್ನು ಕೂರಿಸಿ, "ಹದಿನಾರೊಂದ್ಲಿ ಹದಿನಾರು, ಹೇಳಿ" ಎಂದರು.

"ಯಾಕೆ?" ಎಂದಿತು ಇಡೀ ತರಗತಿ.

ತಾವೇ ಸಾಕಿದ ಗಿಣಿ, ತಮ್ಮ ಮೂಗನ್ನೇ ಕುಕ್ಕಿತು. ಮೇಷ್ಟ್ರು ಮಗ್ಗಿ ಬಿಟ್ಟರು.

ಸೆಕ್ರೆಟರಿಯ ಎಂಟ್ರಿಗೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ಕು ಕೆಳಗಿನ ಹೊಲಿಗೆ ಮಿಷನ್ನೇ ಕೊಟ್ಟಿತು. ದುಂಡನೆ ಮನುಷ್ಯ, ಹೊಳೆಯುವ ಬೋಳು ತಲೆ, ಕೈಯಲ್ಲಿ ಕರ್ಚೀಫು. ಅವರಿಗೂ ಒಂದು ಸಂಕಟವಿತ್ತು. ಹಾಡಿನ ಟೀಚರ್ ಅವರ ಹೆಂಡತಿಯ ಗೆಳತಿ. ಚಿತ್ರದ ಟೀಚರ್ ಅಧ್ಯಕ್ಷರ ಸೊಸೆಯ ತಂಗಿ. ಆಟದ ಮೇಷ್ಟ್ರು ಒಮ್ಮೆ ಮಳೆಯಲ್ಲಿ ಸೆಕ್ರೆಟರಿಯ ಕಾರು ತಳ್ಳಿದವರು. ಲೆಕ್ಕದ ಮೇಷ್ಟ್ರ ಹಿಂದೆ ಯಾರೂ ಇರಲಿಲ್ಲ, ಆದರೆ ಮುಂದೆ ಮಕ್ಕಳಿದ್ದವು. ಅವರನ್ನು ತೆಗೆದರೆ ಮಕ್ಕಳು ಮನೆಗೆ ಹೋಗಿ "ಯಾಕೆ?" ಅನ್ನುತ್ತವೆ, ಮಾರನೇ ದಿನ ಅಪ್ಪ ಅಮ್ಮಂದಿರು ಬಂದು "ಯಾಕೆ?" ಅನ್ನುತ್ತಾರೆ. ಯಾರನ್ನು ಮುಟ್ಟಿದರೂ ಕೈ ಸುಡುತ್ತಿತ್ತು.

ಮೊದಲು ಸ್ವಾಗತ ಗೀತೆ. ಹಾಡಿನ ಟೀಚರ್ ಸ್ವತಃ ಕಟ್ಟಿದ್ದ ಹಾಡಿನಲ್ಲಿ ಸೆಕ್ರೆಟರಿ ಜ್ಞಾನದ ಸೂರ್ಯ ಆಗಿದ್ದರು. ಎರಡನೇ ಸಾಲಿಗೇ ಒಬ್ಬ ಗುಂಡುಗುಂಡಗಿನ ಹುಡುಗ ಹಾಡು ನಿಲ್ಲಿಸಿ ಕೈ ಎತ್ತಿದ. ಈ ಗುಂಡಣ್ಣ ಯೋಚನೆ ಮಾಡುವಾಗ ಮೂಗು ಉಬ್ಬಿಸುತ್ತಿದ್ದ.

"ಟೀಚರ್, ಇವ್ರು ಸೂರ್ಯ ಆಗಿದ್ರೆ ಇವ್ರನ್ನ ನೋಡಿದ್ರೆ ಕಣ್ಣು ಕುಕ್ಕಬೇಕಲ್ವಾ?"

ಎರಡು ಜಡೆಯ ಪುಟ್ಟಿ ಕಣ್ಣು ಸಣ್ಣಗೆ ಮಾಡಿ ಸೆಕ್ರೆಟರಿಯನ್ನು ಅಳೆದು ನೋಡಿದಳು. "ಮೇಲ್ಗಡೆ ನೋಡೋ, ಸ್ವಲ್ಪ ಕುಕ್ಕುತ್ತೆ."

ಹಾರ್ಮೋನಿಯಂ ಕುಂಯ್ ಎಂದು ನಿಂತಿತು. ಸೆಕ್ರೆಟರಿ ತಲೆ ಮೇಲೆ ಕರ್ಚೀಫು ಎಳೆದುಕೊಂಡರು. ಹಾಡಿನ ಟೀಚರ್ ಲೆಕ್ಕದ ಮೇಷ್ಟ್ರ ಕಡೆಗೆ ನೋಡಿದ ನೋಟಕ್ಕೆ ಹಾಲಿದ್ದರೆ ಅಲ್ಲೇ ಒಡೆಯುತ್ತಿತ್ತು.

"ಇರ್ಲಿ ಇರ್ಲಿ, ಮಕ್ಕಳು" ಎಂದರು ಸೆಕ್ರೆಟರಿ, ನಗುವನ್ನು ಕಷ್ಟಪಟ್ಟು ಮುಖಕ್ಕೆ ಎಳೆದುಕೊಂಡು. "ನಾನೇ ಒಂದು ಲೆಕ್ಕ ಕೇಳ್ತೀನಿ. ಏ ಗುಂಡಣ್ಣ, ನನ್ನ ಹತ್ರ ಮೂರು ಬಿಸ್ಕತ್ತಿದೆ. ಎರಡು ನಿಂಗೆ ಕೊಟ್ಟೆ. ನನ್ನ ಹತ್ರ ಎಷ್ಟು ಉಳೀತು?"

"ಮೂರು."

"ಅದ್ಹೇಗೋ?"

"ನೀವು ನಂಗೆ ಕೊಡ್ಲಿಲ್ವಲ್ಲ."

"ಕೊಟ್ಟೆ ಅಂತ ಇಟ್ಕೋ."

"ಬಿಸ್ಕತ್ತಿದೆ ಅಂತಾನಾದ್ರೂ ಹೇಗೆ ಗೊತ್ತು? ಕಿಸೆ ತೋರಿಸಿ."

ಚಿತ್ರದ ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದರು. ಹೆಡ್ ಮೇಡಂ ಕಣ್ಣು ಮುಚ್ಚಿದರು. ಲೆಕ್ಕದ ಮೇಷ್ಟ್ರಿಗೆ ಮಾತ್ರ, ಕೆಲಸ ಹೋಗುವ ಹೊತ್ತಿನಲ್ಲೂ, ಎದೆ ತುಂಬಿ ಬಂತು. ಗುಂಡಣ್ಣ ಮೂರು ತಿಂಗಳ ಹಿಂದೆ ಏನು ಕೇಳಿದರೂ "ಗೊತ್ತಿಲ್ಲ" ಅನ್ನುತ್ತಿದ್ದ. ಈಗ ಸೆಕ್ರೆಟರಿಯ ಕಿಸೆಗೇ ಪುರಾವೆ ಕೇಳುತ್ತಿದ್ದಾನೆ.

ಸೆಕ್ರೆಟರಿ ಕಿಸೆ ತೋರಿಸಲಿಲ್ಲ. ಮೇಷ್ಟ್ರ ಕಡೆ ತಿರುಗಿದರು. "ಏನ್ರೀ ಇದು? ಏನು ಹೇಳ್ಕೊಡ್ತೀರಾ ಇವಕ್ಕೆ?"

ಮೇಷ್ಟ್ರು ಡಬ್ಬಿ ತೆರೆದು, ಚಾಪೆಯ ಮೇಲೆ ನಾಲ್ಕು ಸಾಮಾನು ಜೋಡಿಸಿ ಆಟ ತೋರಿಸಿದರು. ಮಕ್ಕಳು ತಲೆ ಮೇಲೆ ಕೈ ಇಟ್ಟುಕೊಂಡವು, ಕೈ ಎತ್ತಿದವು, ಕಾರಣ ಕೊಟ್ಟವು. ಸೆಕ್ರೆಟರಿ ನೋಡುತ್ತಾ ಹೋದರು. ನೋಡುತ್ತಾ ನೋಡುತ್ತಾ ಅವರ ಮುಖದಲ್ಲಿ ದೀಪ ಹತ್ತಿತು.

"ಅಂದ್ರೆ ನಾಲ್ಕರಲ್ಲಿ ಒಂದನ್ನ ಇವೇ ಆರಿಸ್ತವೆ? ಕಾರಣ ಸಮೇತ?"

"ಹೌದು ಸಾರ್."

"ಯಾರೂ ಹೇಳ್ಕೊಡಲ್ಲ?"

"ಇಲ್ಲ ಸಾರ್. ಹೇಳ್ಕೊಡಬಾರದು."

ಸೆಕ್ರೆಟರಿ ಎದ್ದು ನಿಂತರು. "ನಾಲ್ಕು ಜನ ಟೀಚರ್ಸು ಬನ್ನಿ. ಹೀಗೆ ಸಾಲಾಗಿ ನಿಂತ್ಕೊಳ್ಳಿ, ಚಾಪೆ ಮೇಲೆ."

ಇಂಟರ್ವಲ್ ಬೋರ್ಡು ಹಾಕಬೇಕಾದ ಜಾಗ ಇದು. ನಾಲ್ವರೂ ನಿಂತರು. ಹಾಡು, ಚಿತ್ರ, ಆಟ, ಕೊನೆಗೆ ಲೆಕ್ಕ. ಚಮಚಗಳು ನಿಲ್ಲುವ ಜಾಗದಲ್ಲಿ ಮನುಷ್ಯರು.

"ಮಕ್ಳೇ" ಎಂದರು ಸೆಕ್ರೆಟರಿ, "ಇವ್ರಲ್ಲಿ ಗುಂಪಿಗೆ ಸೇರದೇ ಇರೋರು ಯಾರು?"

ಮಕ್ಕಳೆಲ್ಲ ತಲೆ ಮೇಲೆ ಕೈ ಇಟ್ಟುಕೊಂಡವು. ಕೆಳಗೆ ಮಿಷನ್ನು ಕೂಡ ನಿಂತಿತ್ತು.

ಆಟದ ಮೇಷ್ಟ್ರು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದರು: "ಲೆಕ್ಕದೋರೇ, ಒಂದ್ ಕಣ್ಸನ್ನೆ ಮಾಡಿ. ಹಾಡಿನೋರ ಕಡೆ ತೋರ್ಸಿ. ನಿಮ್ಮ ಮಾತು ಕೇಳ್ತವೆ."

"ಹೇಳ್ಕೊಡಂಗಿಲ್ಲ."

"ಇದು ಪಾಠ ಅಲ್ರೀ, ಹೊಟ್ಟೆಪಾಡು!"

ಮೇಷ್ಟ್ರು ಕಣ್ಣನ್ನು ಎದುರು ಗೋಡೆಗೆ ನೆಟ್ಟರು. ಒಂದು ಸಲ, ಒಂದೇ ಒಂದು ಸಲ, ಹಾಡಿನ ಟೀಚರ್ ಕಡೆ ಕಣ್ಣು ಹೊರಳಿಸಿದ್ದರೆ ಸಾಕಿತ್ತು. ಹೊರಳಿಸಲಿಲ್ಲ. ಗೋಡೆಯ ಮೇಲಿನ ಚಿತ್ರದಲ್ಲಿ ಆನೆಯೊಂದು ನಗುತ್ತಿತ್ತು, ಅದನ್ನೇ ನೋಡುತ್ತಾ ನಿಂತರು.

ಮೊದಲ ಕೈ ಪುಟ್ಟಿಯದು. ಅದರ ಹಿಂದೆಯೇ ಗುಂಡಣ್ಣ. ಆಮೇಲೆ ಕೈಗಳ ಕಾಡು.

"ಯಾಕೆ ಸರ್!" ಎಂದಳು ಪುಟ್ಟಿ.

ಸೆಕ್ರೆಟರಿ ಕಾರಣ ಕೇಳಬೇಕೆಂದು ಬಾಯಿ ತೆರೆಯುವ ಮೊದಲೇ, ಇಷ್ಟು ವರ್ಷಗಳ ಅಭ್ಯಾಸ ನೋಡಿ, ಲೆಕ್ಕದ ಮೇಷ್ಟ್ರೇ ಕೇಳಿಬಿಟ್ಟರು: "ಯಾಕೆ?"

"ಮಳೆ ಜೋರಾಗಿ ಬಂದ್ರೆ ಅವ್ರು ಮೂರು ಜನಕ್ಕೂ ಫೋನ್ ಬರುತ್ತೆ, ಎಲ್ಲಿದ್ದೀರಾ ಅಂತ. ನಿಮಗೆ ಬರಲ್ಲ."

"ನಾನೂ ಯಾಕೆ ಸರ್!" ಎಂದ ಗುಂಡಣ್ಣ, ಮೂಗು ಉಬ್ಬಿಸಿ.

"ಯಾಕೆ?" ಮೇಷ್ಟ್ರ ದನಿ ಸ್ವಲ್ಪ ಕೆಳಗಿಳಿದಿತ್ತು.

"ಎಲ್ರದೂ ಗುಂಡಿ ಒಂದೇ ಥರ ಇದೆ. ನಿಮ್ದು ಒಂದು ಕೆಂಪಗಿದೆ. ಮನೇಲಿ ಯಾರೂ ನೋಡಿಲ್ಲ."

"ಮೂರು ಜನರ ಊಟ ಡಬ್ಬಿಲಿ ಬರುತ್ತೆ" ಎಂದಿತು ಹಿಂದಿನಿಂದ ಒಂದು ದನಿ. "ಯಾಕೆ ಸರ್‌ದು ಪೇಪರಲ್ಲಿ ಬರುತ್ತೆ, ಹೋಟೆಲ್‌ದು."

"ಬೆಲ್ ಹೊಡೆದ್ರೆ ಅವ್ರೆಲ್ಲ ನಮಗಿಂತ ಮೊದ್ಲು ಓಡ್ತಾರೆ. ಯಾಕೆ ಸರ್ ಓಡಲ್ಲ. ಕುರ್ಚಿ ಜೋಡಿಸ್ತಾ ಇರ್ತಾರೆ. ಆಮೇಲೆ ಮತ್ತೆ ಜೋಡಿಸ್ತಾರೆ."

ಒಂದೂ ಕಾರಣ ತಪ್ಪಿಲ್ಲ. ಒಂದೊಂದೂ ನೋಡಿದ್ದು, ಹೋಲಿಸಿದ್ದು, ಮೂರನ್ನು ಒಂದು ಕಡೆ ಇಟ್ಟು ಒಂದನ್ನು ಬೇರೆ ಇಟ್ಟಿದ್ದು. ಹೀಗೇ ಯೋಚಿಸಬೇಕು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಬಾಯಿಂದ "ಶಭಾಷ್" ಎಂಬ ಮಾತು ಹೊರಟೇಬಿಟ್ಟಿತು. ಆಮೇಲೆ ಬಗ್ಗಿ, ಬಿಚ್ಚದೆ ಇದ್ದ ಬೂಟಿನ ದಾರವನ್ನು ತುಂಬಾ ಹೊತ್ತು ಕಟ್ಟಿದರು.

ಸೆಕ್ರೆಟರಿ ಕೈ ಜಾಡಿಸಿದರು. ಎಂಥ ನೆಮ್ಮದಿ! "ನಾನಲ್ಲ, ಮಕ್ಕಳೇ ತೀರ್ಮಾನ ಮಾಡಿದ್ರು. ಯಾರಾದ್ರೂ ಬಂದು ಕೇಳಿದ್ರೆ ಹೀಗೇ ಹೇಳಿ ಮೇಡಂ. ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ನಿಮ್ಮದೇ ಆಟ, ನಿಮ್ಮದೇ ಕಾನೂನು. ನಾಳೆಯಿಂದ ಬರೋದು ಬೇಡ."

ಉಳಿದ ಮೂವರಿಗೆ ಏಕಾಏಕಿ ಲೆಕ್ಕದ ಮೇಷ್ಟ್ರ ಮೇಲೆ ಪ್ರೀತಿ ಉಕ್ಕಿತು. "ನಿಮ್ಮಂಥೋರು ಸಿಗಲ್ಲ ಬಿಡಿ" ಎಂದರು ಹಾಡಿನ ಟೀಚರ್. ಚಿತ್ರದ ಟೀಚರ್ ಆನೆಯ ಚಿತ್ರ ಕಿತ್ತು ಕಾಣಿಕೆ ಕೊಟ್ಟರು.

ಈಗ ಕ್ಲೈಮ್ಯಾಕ್ಸ್! ಹಿಡಿದುಕೊಳ್ಳಿ ಸೀಟು!

ಮೇಷ್ಟ್ರು ನಿಧಾನವಾಗಿ ತಲೆ ಎತ್ತಿದರು. ಗಾಳಿ ಬೀಸಿತು. ಕಿಟಕಿ ಬಾಗಿಲು ಪಟಪಟ ಬಡಿದವು. ಕೆಂಪು ಗುಂಡಿ ಕೆಂಡದ ಹಾಗೆ ಹೊಳೆಯಿತು. "ಏಯ್ ಸೆಕ್ರೆಟರಿ! ಗುಂಪಿಗೆ ಸೇರದವನು ಅಂದ್ಯಾ? ಕುರಿಗಳು ಗುಂಪಲ್ಲಿ ಬರ್ತವೆ ಕಣೋ, ಮೇಷ್ಟ್ರು ಒಬ್ರೇ ಬರ್ತಾರೆ!" ಎಂದು ಗುಡುಗಿದರು. ಸೆಕ್ರೆಟರಿ ಗಡಗಡ ನಡುಗಿ ಕಾಲಿಗೆ ಬಿದ್ದರು. ಮಕ್ಕಳು ಮೇಷ್ಟ್ರನ್ನು ಹೆಗಲ ಮೇಲೆ ಹೊತ್ತು ಕುಣಿದವು. ಶುಭಂ.

ಶಿಳ್ಳೆ ಹೊಡೆದಿರಾ?

ಹೊಡೆಯಬೇಡಿ. ಐದು ವರ್ಷದ ಮಕ್ಕಳು ದೊಡ್ಡ ಮನುಷ್ಯನನ್ನು ಹೆಗಲ ಮೇಲೆ ಹೊರುತ್ತವಾ? ಹೇಗೆ ಗೊತ್ತು ಎಂದು ನೀವಾದರೂ ಕೇಳಬೇಡವಾ? ನಾನು ಬಿಟ್ಟಿದ್ದು ರೀಲು. ನಡೆದದ್ದು ಬೇರೆ. ಹೇಳುತ್ತೇನೆ, ಕೇಳಿ.

ಮೇಷ್ಟ್ರು "ಆಯ್ತು ಸಾರ್" ಎಂದರು. ಬೆಲ್ ಹೊಡೆಯುವವರೆಗೂ ಕಾದರು. ಕುರ್ಚಿಗಳನ್ನು ಜೋಡಿಸಿದರು. ಮತ್ತೊಂದು ಸಲ ಜೋಡಿಸಿದರು. ಡಬ್ಬಿ ಕಂಕುಳಲ್ಲಿ, ಆನೆಯ ಚಿತ್ರ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದರು.

ಕೆಳಗೆ ಟೈಲರ್ ಅಂಗಡಿಯ ಮುಂದೆ ದೊಡ್ಡ ಜಗಳ. ಪುಟ್ಟಿ ಒಂದು ಕಡೆ, ಗುಂಡಣ್ಣ ಇನ್ನೊಂದು ಕಡೆ, ಸುತ್ತ ಉಳಿದವರು. ಮೇಷ್ಟ್ರನ್ನು ಕಂಡಿದ್ದೇ ಪುಟ್ಟಿ ಓಡಿ ಬಂದು ತೋರುಬೆರಳು ಹಿಡಿದುಕೊಂಡಳು.

"ಬನ್ನಿ ಸರ್, ಹೋಗೋಣ."

"ಎಲ್ಲಿಗಮ್ಮ?"

"ನಮ್ಮನೆಗೆ. ನಾನೇ ಮೊದ್ಲು ಕೈ ಎತ್ತಿದ್ದು."

"ಮೊದ್ಲು ಎತ್ತಿದ್ರೆ ಆಯ್ತಾ?" ಗುಂಡಣ್ಣ ಇನ್ನೊಂದು ಕೈ ಹಿಡಿದೆಳೆದ. "ಕಾರಣ ನಂದು ಚೆನ್ನಾಗಿತ್ತು. ಸರ್, ನೀವು ನಮ್ಮನೆಗೇ ಬರ್ಬೇಕು. ನನ್ನ ಮಂಚ ದೊಡ್ಡದಿದೆ."

"ನೀನು ನಾಳೆ ಕರ್ಕೊಂಡು ಹೋಗೋ!"

ಮೇಷ್ಟ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು.

"ಅದಕ್ಕೇನಾ ನನ್ನ ಹೆಸರು ಹೇಳಿದ್ದು?"

"ಮತ್ತೆ?" ಎಂದಳು ಪುಟ್ಟಿ, ಇಷ್ಟೂ ಗೊತ್ತಿಲ್ಲವಾ ಎಂಬ ಹಾಗೆ. "ಗುಂಪಿಗೆ ಸೇರದ್ದನ್ನ ರಾತ್ರಿ ಒಂದೇ ಬಿಡಂಗಿಲ್ಲ, ಮನೆಗೆ ಕರ್ಕೊಂಡು ಹೋಗ್ಬೇಕು ಅಂತ ನೀವೇ ಹೇಳಿಲ್ವಾ? ನಾಳೆ ಬೆಳಗ್ಗೆ ವಾಪಸ್ ತಂದುಬಿಡ್ತೀನಿ ಸರ್. ಕಳೆಯಲ್ಲ."

ಮೇಷ್ಟ್ರು ಎದ್ದರು. ಬಗ್ಗಿದರೆ ಏಳಲಾಗದ ಮನುಷ್ಯ ಅವತ್ತು ಎದ್ದ ವೇಗ ನೋಡಬೇಕಿತ್ತು. ಸೆಕ್ರೆಟರಿಯ ಕಾರು ಬೀದಿಯ ತಿರುವಿನಲ್ಲಿ ನಿಧಾನವಾಗಿ ಹೊರಳುತ್ತಿತ್ತು. ಮೇಷ್ಟ್ರು ಓಡಿದರು. ಡಬ್ಬಿಯೊಳಗೆ ಚಮಚ, ಚಿಲಕ, ಬೀಗದ ಕೈ ಎಲ್ಲ ಸೇರಿ ಮೆರವಣಿಗೆಯ ಬ್ಯಾಂಡಿನ ಹಾಗೆ ಬಾರಿಸಿದವು. ಆನೆಯ ಚಿತ್ರ ಗಾಳಿಗೆ ಹಾರಿತು. ಕಾರಿನ ಕಿಟಕಿ ಬಡಿದು, ಏದುಸಿರು ಬಿಡುತ್ತಾ ಎಲ್ಲವನ್ನೂ ಹೇಳಿದರು. ಮಕ್ಕಳು ಆರಿಸಿದ್ದು ಹೊರಗೆ ಹಾಕಲು ಅಲ್ಲ, ಮನೆಗೆ ಕರೆದುಕೊಂಡು ಹೋಗಲು ಎಂದರು.

ಸೆಕ್ರೆಟರಿ ಕೇಳಿದರು. ಕೇಳಿ, ಮಕ್ಕಳ ಹಾಗೆಯೇ ತಲೆ ಮೇಲೆ ಕೈ ಇಟ್ಟುಕೊಂಡು ಯೋಚಿಸಿದರು.

"ಹಾಗಾದ್ರೆ ಇನ್ನೂ ಒಳ್ಳೇದಾಯ್ತಲ್ರೀ. ನಿಮ್ಮನ್ನ ಮನೆಗೆ ಕರ್ಕೊಂಡು ಹೋಗೋಕೆ ಇಷ್ಟು ಜನ ಇದ್ದಾರೆ. ಪಾಪ, ಆ ಮೂವರ ಹೆಸರನ್ನ ಒಂದು ಮಗುನೂ ಎತ್ಲಿಲ್ಲ. ಅವರನ್ನ ತೆಗೆದ್ರೆ ಅವರಿಗ್ಯಾರು ಗತಿ? ಯೋಚ್ನೆ ಮಾಡಿ ನೋಡಿ."

ಮೇಷ್ಟ್ರು ಯೋಚನೆ ಮಾಡಿ ನೋಡಿದರು. ಕಾರಣ ಸರಿಯಾಗಿಯೇ ಇತ್ತು. ಕಾರು ಹೋಯಿತು.

ವಾಪಸ್ಸು ಬರುವಷ್ಟರಲ್ಲಿ ಒಬ್ಬೊಬ್ಬರ ಅಪ್ಪ ಅಮ್ಮ ಬಂದು ಮಕ್ಕಳನ್ನು ಎಳೆದುಕೊಂಡು ಹೋಗಿದ್ದರು. ಪುಟ್ಟಿ ಮಾತ್ರ ಉಳಿದಿದ್ದಳು. ಚಿಲಕದ ಅಪ್ಪ ಕೈ ಹಿಡಿದು ಜಗ್ಗುತ್ತಿದ್ದ, ಅವಳು ಮೆಟ್ಟಿಲ ಕಂಬಿ ಬಿಡುತ್ತಿರಲಿಲ್ಲ.

"ನೋಡಿ ಮೇಷ್ಟ್ರೇ, ನಿಮ್ಮನ್ನ ಮಲಗಿಸ್ಕೊಬೇಕಂತೆ! ಚಿಲಕ ಆಯ್ತು, ಈಗ ನೀವು!" ಎಂದು ಅಪ್ಪ ನಕ್ಕ. ಅವನಿಗೇನು ಗೊತ್ತು.

ಮೇಷ್ಟ್ರು ಕೆಂಪು ಗುಂಡಿಯನ್ನು ಹಿಡಿದು ಎಳೆದರು. ಬನಿಯನ್ ಸಮೇತ ಹೊಲಿದಿದ್ದರಿಂದ ಸುಲಭಕ್ಕೆ ಬರಲಿಲ್ಲ. ಬಂದಾಗ ಶರ್ಟಿನಲ್ಲಿ ಸಣ್ಣ ತೂತಾಯಿತು. ಅದನ್ನು ಪುಟ್ಟಿಯ ಅಂಗೈಯಲ್ಲಿ ಇಟ್ಟರು.

"ಇವತ್ತು ಇದನ್ನ ಕರ್ಕೊಂಡು ಹೋಗು. ಗುಂಪಿಗೆ ಸೇರದ್ದು ಇದೇ. ನಾನಲ್ಲ."

ಪುಟ್ಟಿ ಗುಂಡಿಯನ್ನು ನೋಡಿದಳು, ಮೇಷ್ಟ್ರನ್ನು ನೋಡಿದಳು. ತಲೆ ಓರೆ ಮಾಡಿದಳು, ಥೇಟು ಅವರ ಹಾಗೆಯೇ.

"ಯಾಕೆ?"

ಅಷ್ಟು ವರ್ಷ ಆ ಮಾತನ್ನು ಕೇಳುತ್ತಾ ಬಂದ ಮನುಷ್ಯ, ಅವಳ ಬೆರಳುಗಳನ್ನು ಒಂದೊಂದಾಗಿ ಗುಂಡಿಯ ಮೇಲೆ ಮಡಚಿದರು.

"ನಾಳೆ ಹೇಳ್ತೀನಿ" ಎಂದರು.

ನಾನು ಗೆಲುವಿನ ಕತೆ ಅಂದಿದ್ದೆ. ಬ್ಲೇಡು ತನ್ನಿ, ಅರ್ಧ ಮೀಸೆ ಇಲ್ಲೇ ಇದೆ. ಮೇಷ್ಟ್ರು ಓನರಮ್ಮನ ಪಿನ್ನು ಚುಚ್ಚಿಕೊಂಡು ಮನೆಗೆ ಹೋದರು, ಅಷ್ಟೇ. ಮಾರನೇ ದಿನ ಬೆಳಗ್ಗೆ ಪುಟ್ಟಿ ಎಲ್ಲರಿಗಿಂತ ಮೊದಲು ಬಂದಳು. ಕೆಂಪು ಗುಂಡಿ ಕಳೆದಿರಲಿಲ್ಲ. ನೀಲಿ ಚಾಪೆಯ ಮೇಲೆ ಡಬ್ಬಿ ಇರಲಿಲ್ಲ. ಹೆಡ್ ಮೇಡಂ "ಕೊಡು, ನಾನು ಇಟ್ಟಿರ್ತೀನಿ" ಎಂದು ಕೈ ಚಾಚಿದರೆ, ಅವಳು ಮುಷ್ಟಿ ಬಿಗಿ ಮಾಡಿ ಬೆನ್ನ ಹಿಂದೆ ಇಟ್ಟುಕೊಂಡಳಂತೆ.

"ಯಾಕೆ ಅಂತ ಸರ್ ಇವತ್ತು ಹೇಳ್ತೀನಿ ಅಂದಿದ್ದಾರೆ" ಎಂದು, ಮೆಟ್ಟಿಲ ಕಡೆ ಮುಖ ಮಾಡಿ ಕೂತಳಂತೆ.